ಮೂರು ಗಂಟೆಯ ಕಾಟ್ಟ್

ಎಡಪ್ಪಳ್ಳಿಯ ಬಸ್ ಸ್ಟಾಪಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ಕಾಸರಗೋಡಿನ ವಕೀಲೆ ಚಂದ್ರಾವತಿ ತಿರುಗಿ ನೋಡಿದಳು. ಬೆಂಚಿನ ಮೇಲೆ ಮೈಸೂರು ಕಡೆಯ ಅಜ್ಜಿಯೊಬ್ಬರು. ಪಕ್ಕದಲ್ಲಿ ನೋಟ್‌ಬುಕ್ ಹಿಡಿದ ಮೊಮ್ಮಗಳು.

“ತಾತನ ರೂಮಿನ ಬಾಗಿಲು ದಿನಾ ಮೂರು ಗಂಟೆಗೆ ತಾನಾಗೇ ತೆರ್ಕೊಳ್ಳುತ್ತಲ್ಲ ಪುಟ್ಟಿ? ಅವರು ಕಾಫಿಗೆ ಏಳ್ತಿದ್ದ ಹೊತ್ತಿಗೆ ಸರಿಯಾಗಿ.”

“ಅದು ಕಾಟ್ಟ್, ಅಜ್ಜಿ.”

“ಕಾಟವಾ? ಬಿಡ್ತು ಅನ್ನು! ಬದುಕಿದ್ದಾಗ ಯಾರಿಗೂ ಕಾಟ ಕೊಟ್ಟವರಲ್ಲ ಅವರು.”

ಹುಡುಗಿ ಇಲ್ಲಿನ ಶಾಲೆಯಲ್ಲಿ ಕಲಿತ ಮಲಯಾಳಂನಲ್ಲಿ ಕಾಟ್ಟ್ ಎಂದರೆ ಬರೀ ಗಾಳಿ. ಚಂದ್ರಾವತಿ ಬಂದ ನಗುವನ್ನು ತಡೆದುಕೊಂಡಳು.

“ಟೀಚರ್ ಹೇಳಿದ್ದಾರೆ ಅಜ್ಜಿ. ಬಿಸಿಲಿಗೆ ನೆಲ ಬೇಗ ಕಾಯುತ್ತೆ. ಅಲ್ಲಿದ್ದ ಕಾಟ್ಟ್ ಬಿಸಿಯಾಗಿ ಮೇಲೆ ಹೋಗುತ್ತೆ. ಆ ಜಾಗಕ್ಕೆ ಕಡಲಿಂದ ಕಾಟ್ಟ್ ಬರುತ್ತೆ.”

“ಕಡಲಿಂದಲಾ? ಅವರ ಅಸ್ಥಿ ಬಿಟ್ಟಿದ್ದೂ ಅಲ್ಲೇ ಅಲ್ವೇನೇ…”

“ಅಯ್ಯೋ ಅಜ್ಜಿ! ಆ ರೂಮಿನ ಕಿಟಕಿಗೆ ರಿಬ್ಬನ್ ಕಟ್ಟಿದ್ದೀನಲ್ಲ, ರಜೆಯ ಹೋಮ್‌ವರ್ಕಿಗೆ? ಮೂರು ಗಂಟೆಗೆ ಅದು ಹಾರಿದರೆ ಕಾಟ್ಟ್ ಇದೆ ಅಂತ ಬರೀತೀನಿ.”

“ನಿನ್ನೆ ಏನು ಬರೆದೆ? ನಿನ್ನೆನೂ ಬಾಗಿಲು ತೆರ್ಕೊಂಡಿತ್ತು.”

ಹುಡುಗಿ ಹಾಳೆ ತಿರುವಿದಳು. ಬರೆದ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು.

“ನಿನ್ನೆ… ರಿಬ್ಬನ್ ಅಲ್ಲಾಡಲೇ ಇಲ್ಲ. ಕಾಟ್ಟ್ ಇಲ್ಲ ಅಂತ ಬರೆದಿದ್ದೀನಿ.”

ಅಜ್ಜಿಯ ಮುಖ ಅರಳಿತು. “ನೋಡಿದೆಯಾ? ಕಾಟ ಇಲ್ಲ ಅಂತ ನಾನು ಆಗಲೇ ಹೇಳಲಿಲ್ವಾ?”

ಬಸ್ ಬಂತು. ಅಜ್ಜಿ ನಗುನಗುತ್ತಲೇ ಹತ್ತಿದರು. ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡ ಹುಡುಗಿ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು, ಇಷ್ಟು ಹೊತ್ತೂ ಕೇಳುತ್ತಿದ್ದ ಚಂದ್ರಾವತಿಯತ್ತ ತಿರುಗಿದಳು. ಅವಳಿಗೆ ಹೇಳಲು ಚಂದ್ರಾವತಿಯ ಬಳಿ ಎರಡು ಭಾಷೆಗಳಿದ್ದವು. ಎರಡರಲ್ಲೂ ಗಾಳಿಗೆ ಹೆಸರಿತ್ತು, ಗಾಳಿಯಿಲ್ಲದೆ ತೆರೆದ ಬಾಗಿಲಿಗೆ ಇರಲಿಲ್ಲ.