ಜಕ್ಕೂರು ಬಾವಿಕಟ್ಟೆಯ ರೇಡಿಯೊ

ಬಾಗಿಲು ಮುಂದಕ್ಕೆ ಎಳ್ಕೊಂಡು ಕೂತ್ಕೊಳ್ಳಿ. ಇದು ಯಾರೋ ಯಾರಿಗೋ ಹೇಳಿದ ಕತೆ ಅಲ್ಲ. ನಮ್ಮ ಚಿಕ್ಕಮ್ಮನ ಮಗಳು ಜೆಸಿಂತಾಗೇ ಆಗಿದ್ದು.

ನವೆಂಬರ್ ತಿಂಗಳು. ನಮ್ಮ ಕಥೋಲಿಕರಲ್ಲಿ ಅದು ಸತ್ತವರ ತಿಂಗಳು. ಸಮಾಧಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಹೋದವರ ಹೆಸರು ಹಿಡಿದು ಪ್ರಾರ್ಥನೆ ಮಾಡೋ ತಿಂಗಳು. ಜೆಸಿಂತಾ ತಾನು ಕೆಲಸ ಮಾಡೋ ರೇಡಿಯೊ ಸ್ಟುಡಿಯೊದಿಂದ ಹೊರಟಾಗ ರಾತ್ರಿ ಒಂಬತ್ತು ದಾಟಿತ್ತು. ಆಟೊ ಸಿಗಲಿಲ್ಲ. ಜಕ್ಕೂರು ಹಳೇ ಊರಿನ ಒಳದಾರೀಲಿ ನಡ್ಕೊಂಡೇ ಹೊರಟ್ಲು. ಎಡಕ್ಕೆ ಅಪಾರ್ಟ್‌ಮೆಂಟಿನ ಉದ್ದನೆ ಕಾಂಪೌಂಡು. ಬಲಕ್ಕೆ ಯಾರೋ ಇನ್ನೂ ಮಾರದೆ ಉಳಿಸಿಕೊಂಡಿರೋ ಒಂದು ತುಂಡು ತೋಟ. ಅದರ ಮೂಲೇಲಿ ಆಲದಮರ, ಮರದಡಿ ಹಳೇ ಬಾವಿ. ಬೀದಿದೀಪದ ಬೆಳಕು ಅಲ್ಲಿಗೆ ತಲುಪಲ್ಲ.

ಆಗ ಕೇಳಿಸ್ತು...

ಕುಂಯ್... ಕರಕರಕರ... ಕುಂಯ್ಯ್...

ಹಳೇ ಟ್ರಾನ್ಸಿಸ್ಟರಿನ ಕಿವಿ ತಿರುವಿದಾಗ ಬರೋ ಸದ್ದು. ಈಗ ಯಾರ ಮನೇಲಿದೆ ಅಂಥ ರೇಡಿಯೊ?

ಜೆಸಿಂತಾಗೆ ಆ ಸದ್ದು ಚೆನ್ನಾಗಿ ಗೊತ್ತು. ಅವಳು ‘ಜೀವಸೆಲೆ ರೇಡಿಯೊ’ ಸೇರಿದಾಗ ಅದು ಚರ್ಚಿನ ಹಿಂದಿನ ಒಂದೇ ಒಂದು ಕೋಣೆ. ಗೋಡೆ ತುಂಬ ಮೊಟ್ಟೆ ಟ್ರೇ ಬಡಿದು ಮಾಡಿದ ಸ್ಟುಡಿಯೊ. ಅಲ್ಲಿ ಅವಳು ಕನ್ನಡದಲ್ಲಿ ಜಪಸರದ ಪ್ರಾರ್ಥನೆ ಹೇಳಿ ರೆಕಾರ್ಡ್ ಮಾಡ್ತಿದ್ಲು. ಅದು ಹೊರದೇಶದ ಒಂದು ಶಾರ್ಟ್‌ವೇವ್ ಸ್ಟೇಷನ್ನಿಗೆ ಹೋಗಿ, ಸಂಜೆ ಹೊತ್ತು ಅರ್ಧ ಗಂಟೆ ಸಮುದ್ರ ದಾಟಿ ವಾಪಸ್ ಬರ್ತಿತ್ತು. ಬಾಗಲೂರಿಂದ ಅಬ್ಬಿಗೆರೆವರೆಗೆ ವಯಸ್ಸಾದವರೆಲ್ಲ ರೇಡಿಯೊ ಮುಂದೆ ಕಾದು ಕೂತಿರೋರು. ಕೊನೇಲಿ ಅವಳು ತೀರಿಹೋದವರ ಹೆಸರು ಓದೋಳು. ಜನ ಫೋನ್ ಮಾಡಿ ಕೊಟ್ಟ ಹೆಸರುಗಳು. ಬರೀ ಹೆಸರು, ಆಮೇಲೆ ‘ಪ್ರಭುವೇ, ಇವರಿಗೆ ನಿತ್ಯ ವಿಶ್ರಾಂತಿ ಕೊಡಿ’ ಅನ್ನೋ ಒಂದು ಸಾಲು. ಅಷ್ಟಕ್ಕೇ ಜನ ಅಳೋರು.

ಆಮೇಲೆ ರೇಡಿಯೊ ಬೆಳೀತು. ಫಾದರ್ ಡೆರಿಕ್ ಡೈರೆಕ್ಟರಾಗಿ ಬಂದ್ರು. ಶಾರ್ಟ್‌ವೇವ್ ನಿಂತು ಮೊಬೈಲ್ ಆ್ಯಪ್ ಬಂತು. ತಮಿಳಿಗೊಂದು ಚಾನೆಲ್ಲು, ಮಲಯಾಳಕ್ಕೊಂದು, ಕೊಂಕಣಿಗೊಂದು, ಇಂಗ್ಲಿಷಿಗೊಂದು. ಕಾಲೇಜು ಹುಡುಗರಿಗೆ ಗಿಟಾರ್ ಹಾಡಿನದು. ಕಾಯಿಲೆಯವರಿಗೆ ಹಗಲೂ ರಾತ್ರಿ ಸ್ವಸ್ಥತೆಯ ಪ್ರಾರ್ಥನೆ. ದುಬೈಯಿಂದ, ಟೊರಾಂಟೊದಿಂದ ಕೇಳೋರು ಹುಟ್ಕೊಂಡ್ರು. ಮೊಟ್ಟೆ ಟ್ರೇ ಕೋಣೆ ಹೋಗಿ ಗಾಜಿನ ಕಟ್ಟಡ ಎದ್ದಿತು. ಕನ್ನಡದ ಅರ್ಧ ಗಂಟೆ ಕಾಲು ಗಂಟೆ ಆಯ್ತು. ಅದೂ ಹಳೇ ರೆಕಾರ್ಡಿಂಗು. ಹೆಸರು ಓದೋದು ನಿಂತೇ ಹೋಯ್ತು.

“ಟೊರಾಂಟೊದವರಿಗೆ ನಿಮ್ಮ ಅಬ್ಬಿಗೆರೆ ಲೂರ್ದಮ್ಮ ಯಾರು ಅಂತ ಗೊತ್ತಾ, ಜೆಸಿಂತಾ?” ಅಂದ್ರಂತೆ ಫಾದರ್, ನಗ್ತಾನೇ. ಆ ಜಾಗಕ್ಕೆ ಪುಣ್ಯಕ್ಷೇತ್ರದ ಟೂರಿನ ಜಾಹೀರಾತು ಬಂತು.

ಜನ ಒಂದಷ್ಟು ದಿನ ಫೋನ್ ಮಾಡಿ ಹೆಸರು ಕೊಟ್ಟು, ಆಮೇಲೆ ಮರೆತ್ರು, ಇನ್ನಾಸಮ್ಮ ಒಬ್ಬಳನ್ನ ಬಿಟ್ಟು. ಬಾಗಲೂರಿನ ಮುದುಕಿ, ಗಂಡನಿಲ್ಲ. ಮಗ ಚೌರಿರಾಜ್ ಏರ್‌ಪೋರ್ಟ್ ರಸ್ತೇಲಿ ಬೈಕಲ್ಲಿ ಹೋಗ್ತಾ ಟಿಪ್ಪರ್ ಲಾರಿಗೆ ಸಿಕ್ಕಿ ಅಲ್ಲೇ ಹೋಗಿಬಿಟ್ಟಿದ್ದ. ಚರ್ಚಿನ ಗುರುಗಳು ಬಂದು ತಲೆ ಮುಟ್ಟಿ ಕೊನೇ ಪ್ರಾರ್ಥನೆ ಹೇಳೋಕೂ ಹೊತ್ತಿರಲಿಲ್ಲ.

“ನನ್ ಮಗ ಕತ್ಲಾಗೆ ನಿಂತವ್ನೆ ಕಣವ್ವ. ನೀನು ಎಸ್ರು ಓದು. ಅವ್ನಿಗೆ ದಾರಿ ಕಾಣ್ತದೆ,” ಅಂತ ವಾರ ವಾರ ಜೆಸಿಂತಾ ಮೊಬೈಲಿಗೆ ಫೋನ್ ಮಾಡೋಳು. “ಯಾಕವ್ವ, ನನ್ ರೇಡಿಯೊದಾಗೆ ಎಸ್ರು ಬತ್ತಾನೇ ಇಲ್ವಲ್ಲ?”

ಅವಳದು ಬಟನ್ ಫೋನು. ಆ್ಯಪ್ ಅಂದ್ರೆ ಏನು ಅಂತ ಹೇಗೆ ಹೇಳೋದು? “ಓದ್ತಿದೀನಿ ಅಮ್ಮ. ದಿನಾ ಓದ್ತೀನಿ,” ಅಂದುಬಿಡೋಳು ಜೆಸಿಂತಾ. ಅತ್ತ ಕಡೆಯಿಂದ ಮುದುಕಿ ಹರಸೋಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಈಗ ಬಾವಿ ಹತ್ರ ಬನ್ನಿ.

ಕಟ್ಟೆ ಮೇಲೆ ಯಾರೋ ಕೂತಿದ್ರು. ತಲೆ ಮೇಲೆ ಸೆರಗು. ತೊಡೆ ಮೇಲೆ ಟ್ರಾನ್ಸಿಸ್ಟರ್. ಅದರ ಕಿವಿ ತಿರುಗಿಸ್ತಾ ಇದ್ರು... ಕುಂಯ್... ಗಿಟಾರಿನ ಹಾಡು. ಮತ್ತೆ ತಿರುಗಿತು... ಕರಕರ... ತಮಿಳು ಜಪ. ಮತ್ತೆ... ಚಪ್ಪಾಳೆ, ಹಲ್ಲೆಲೂಯ.

ಜೆಸಿಂತಾ ಅಲ್ಲೇ ನಿಂತ್ಲು. ಅವೆಲ್ಲ ಅವರದೇ ಚಾನೆಲ್ಲುಗಳು. ಆದ್ರೆ ಅವು ಗಾಳೀಲಿ ಬರೋದೇ ಇಲ್ಲ! ಇಂಟರ್ನೆಟ್ಟಿಲ್ಲದೆ ಯಾವ ಟ್ರಾನ್ಸಿಸ್ಟರಿಗೂ ಸಿಗಲ್ಲ.

“ಎಲ್ಲಾ ಬತ್ತದೆ...” ಪಿಸುಗುಟ್ಟಿತು ಆ ದನಿ. “ಎಲ್ಲಾರ್ದೂ ಬತ್ತದೆ. ನನ್ ಮಗೀಂದು ಎಲ್ಲೈತವ್ವ? ಎಲ್ಲಿಗೆ ತಿರುಗಿಸ್ಲಿ?”

ಫೋನಲ್ಲಿ ಎಷ್ಟು ಸಲ ಕೇಳಿದ ದನಿ! “ಇನ್ನಾಸಮ್ಮನಾ?”

“ಊಂ.”

“ಈ ಹೊತ್ತಲ್ಲಿ... ಇಷ್ಟು ದೂರ... ಹೇಗೆ ಬಂದ್ರಿ?”

ಬೆರಳು ತಿರುಗಿಸ್ತಾನೇ ಇತ್ತು. ಕುಂಯ್... ಕುಂಯ್...

ಜೆಸಿಂತಾ ಹೇಳಿದ್ಲು, “ಅಮ್ಮ, ನಾನು ಸುಳ್ಳು ಹೇಳಿದ್ದೆ. ಓದಲಿಲ್ಲ. ಇಗೋ, ಈಗ ಓದ್ತೀನಿ. ಚೌರಿರಾಜ್...”

“ಇಲ್ಲಲ್ಲ.” ಬೆರಳು ನಿಂತಿತು. “ಇಲ್ಲಿ ಏಳಿದ್ರೆ ನಂಗೆ ಕೇಳ್ತದೆ. ಅವ್ನಿಗೆ ಕೇಳಲ್ಲ. ಅಲ್ಲಿ, ರೇಡಿಯೊದಾಗೆ ಏಳು.”

ಟಪ್ ಅಂತ ರೇಡಿಯೊ ಆರಿಸಿದ ಸದ್ದು. ಅಷ್ಟೇ. ಕಟ್ಟೆ ಖಾಲಿ.

ಬೆಳಗ್ಗೆ ಜೆಸಿಂತಾ ಬಾಗಲೂರಿಗೆ ಫೋನ್ ಮಾಡಿದ್ಲು. ಎತ್ತಿದ್ದು ಪಕ್ಕದ ಮನೆ ಮಲ್ಕಾ. ಕೊನೇ ದಿನಗಳಲ್ಲಿ ಮುದುಕಿಗೆ ಗಂಜಿ ಕುಡಿಸಿದವಳು ಅವಳೇ.

“ಅಜ್ಜಿ ಹೋದ ವಾರಾನೇ ತೀರ್‌ಕೊಂಡ್ರಲ್ಲ ಮೇಡಂ,” ಅಂದ್ಲು. “ನಿಮ್ ಹೆಸರೇ ಹೇಳ್ತಿದ್ರು. ಆ ಹುಡುಗಿ ದಿನಾ ಓದ್ತಾಳೆ, ನನ್ ರೇಡಿಯೊನೇ ಕೆಟ್ಟೋಗದೆ ಅಂತ.”

ಜೆಸಿಂತಾ ಅವತ್ತು ಊಟ ಮಾಡಲಿಲ್ಲ. ನೇರ ಫಾದರ್ ಹತ್ರ ಹೋದ್ಲು. ಬಾವಿ ವಿಷಯ ಎತ್ತಲಿಲ್ಲ. “ಫಾದರ್, ನವೆಂಬರ್ ಅಲ್ವಾ... ಒಂದೇ ನಿಮಿಷ ಕೊಡಿ. ಹೆಸರು ಓದಿ ಮುಗಿಸ್ತೀನಿ.”

“ಶೆಡ್ಯೂಲ್ ಎಲ್ಲ ಲಾಕ್ ಆಗಿದೆಯಮ್ಮ. ಶನಿವಾರ ಹಿಂದಿ ಚಾನೆಲ್ ಲಾಂಚು. ಹತ್ತು ದೇಶದವರು ಲೈವ್ ಕೇಳ್ತಾರೆ. ನೀವು ಇನ್ನೂ ಮೊಟ್ಟೆ ಟ್ರೇ ಕಾಲದಲ್ಲೇ ಇದ್ದೀರಲ್ಲ!”

ಸತ್ತವರಿಗಾಗಿ ಪ್ರಾರ್ಥಿಸಿ ಅಂತ ಚರ್ಚಲ್ಲಿ ಬೋಧನೆ ಕೊಡೋರೂ ಅವರೇ. ಜೆಸಿಂತಾ ಅವರ ಮುಖ ನೋಡಿದ್ಲು. ಹೊರಗೆ ಬಂದ್ಲು.

ಶನಿವಾರ ಸಂಜೆ. ಹೊರಗೆ ಶಾಮಿಯಾನ, ಬಲೂನು, ದೊಡ್ಡ ದೊಡ್ಡವರು. ಎಲ್ಲ ಚಾನೆಲ್ಲಿಗೂ ಒಟ್ಟಿಗೇ ಲೈವ್. ಭಾಷಣ, ಹಾಡು ಆದಮೇಲೆ ಟೂರಿನ ಜಾಹೀರಾತು ಹಾಕಬೇಕಿತ್ತು. ಕಂಟ್ರೋಲ್ ರೂಮಲ್ಲಿ ಜೆಸಿಂತಾ ಒಬ್ಬಳೇ. ಬಾಗಿಲಿನ ಚಿಲಕ ಹಾಕಿದ್ಲು. ಮೈಕಿನ ಕೆಂಪು ದೀಪ ಹತ್ತಿತು.

“ಬಾಗಲೂರಿನ ಚೌರಿರಾಜ್,” ಅಂದ್ಲು.

ಅಲ್ಲಿಗೇ ನಿಲ್ಲಿಸೋಣ ಅಂತಿದ್ಲಂತೆ. ಆದ್ರೆ ಬಾಯಿ ನಿಲ್ಲಲಿಲ್ಲ. ಇಷ್ಟು ವರ್ಷ ಫೋನಲ್ಲಿ ಕೇಳಿ, ಓದದೆ ಬಿಟ್ಟ ಹೆಸರುಗಳೆಲ್ಲ ಒಂದರ ಹಿಂದೆ ಒಂದು ಬಂದವು. ಅಬ್ಬಿಗೆರೆಯ ಲೂರ್ದಮ್ಮ. ಹೆಬ್ಬಾಳದ ಅರುಳಪ್ಪ. ಯಲಹಂಕದ ಜ್ಞಾನಮ್ಮ, ಅವಳ ಹೆಸರಿಡದ ಕೂಸು... ಹೊರಗೆ ಬಾಗಿಲು ಬಡೀತಿದ್ರು. ದಬ್... ದಬ್... ದಬ್... ದುಬೈಗೂ ಟೊರಾಂಟೊಗೂ ಬಾಗಲೂರಿನ ಸತ್ತವರು ಕೇಳಿಸ್ತಿದ್ರು. ಕೊನೇಲಿ ಆ ಸಾಲು ಹೇಳಿದ್ಲು: ಪ್ರಭುವೇ, ಇವರಿಗೆ ನಿತ್ಯ ವಿಶ್ರಾಂತಿ ಕೊಡಿ. ಮೈಕ್ ಆರಿಸಿ, ತಾನೇ ಚಿಲಕ ತೆಗೆದ್ಲು.

ಅವತ್ತೇ ಅವಳ ಸ್ಟುಡಿಯೊ ಕೀ ಕಿತ್ಕೊಂಡು, ಕೆಲಸದಿಂದ ತೆಗೆದ್ರು. ಅವಳಿಗೆ ತಲೆ ಸರಿಯಿಲ್ಲ ಅಂತ ಚರ್ಚಿನ ವಾಟ್ಸಾಪ್ ಗ್ರೂಪಲ್ಲಿ ಬಂತು. ಅವಳ ಜೊತೆ ಕೂತು ಜಪಸರ ಹೇಳಿದವರೇ ಭಾನುವಾರ ಬೆಂಚಿನ ಆ ತುದಿಗೆ ಸರಿದು ಕೂತ್ರು. ಹಿಂದಿ ಚಾನೆಲ್ ಚೆನ್ನಾಗೇ ನಡೀತಿದೆ. ಕನ್ನಡದ ಕಾಲು ಗಂಟೇನೂ ತೆಗೆದ್ರು. ಜೆಸಿಂತಾ ಈಗ ಆರ್‌ಟಿ ನಗರದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳ್ತಾಳೆ.

ಇಷ್ಟಕ್ಕೇ ಮುಗಿದಿದ್ರೆ ನಾನೂ ‘ಪಾಪ, ಕೊರಗಿಗೆ ಏನೋ ಕಂಡಿರಬೇಕು’ ಅಂತಿದ್ದೆ. ಆದ್ರೆ ಅಜ್ಜು ಇದ್ದಾನಲ್ಲ, ಅಲ್ಲಿ ಸೌಂಡ್ ಕೆಲಸ ಮಾಡ್ತಿದ್ದ ಹುಡುಗ... ಅವನು ಒಂದು ತಿಂಗಳಾದ್ಮೇಲೆ ಅವಳನ್ನ ಹುಡುಕ್ಕೊಂಡು ಬಂದ.

“ಅಕ್ಕಾ, ಯಾರ್ ಹತ್ರಾನೂ ಹೇಳಿಲ್ಲ. ನೀವು ಹೆಸರು ಓದ್ತಿದ್ರಲ್ಲ, ಆಗ ನಾನು ಕೇಬಲ್ ತರಕ್ಕೆ ಸ್ಟೋರ್ ರೂಮಿಗೆ ಹೋಗಿದ್ದೆ. ಅಲ್ಲಿ ಹಳೇ ಲ್ಯಾಂಡ್‌ಲೈನ್ ಫೋನ್ ಬಿದ್ದಿತ್ತು. ಅದು ಹೊಡೀತು. ಟ್ರಿಣ್... ಟ್ರಿಣ್... ಎತ್ತಿದೆ. ಯಾರೋ ಹುಡುಗ. ‘ನಮ್ಮಮ್ಮಂಗೆ ಏಳ್ಬುಡಿ ಸಾ... ನಂಗೆ ಕೇಳುಸ್ತು ಅಂತ’ ಅಂದ. ಆಮೇಲೆ... ‘ಅವ್ಳು ಎಲ್ಲವ್ಳೆ ಸಾ? ಇಲ್ಲೆಲ್ಲೂ ಕಾಣ್ತಿಲ್ಲ’ ಅಂದ. ಕಟ್ ಆಯ್ತು.”

ಜೆಸಿಂತಾ ಬಾಯಿಗೆ ಸೆರಗು ಒತ್ಕೊಂಡ್ಲು. ಅವತ್ತು ಅಷ್ಟು ಹೆಸರು ಓದಿದ್ಲಲ್ಲ... ಇನ್ನಾಸಮ್ಮನ ಹೆಸರು ಓದಿರಲಿಲ್ಲ. ಇನ್ನು ಓದೋಕೆ ಅವಳಿಗೆ ಮೈಕಿಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಅಜ್ಜು ಈಗ ಯಶವಂತಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದಾನೆ. ಹೋಗಿ ಕೇಳಿ, ಹೀಗೇ ಹೇಳ್ತಾನೆ. ಆ ಫೋನಿಗೆ ವೈರೇ ಇರಲಿಲ್ಲ ಅಂತಾನೂ ಹೇಳ್ತಾನೆ. ಅದಕ್ಕಿಂತ ಅವನಿಗೆ ಮರೆಯೋಕಾಗದೆ ಇರೋದು ಇನ್ನೊಂದು. ಧೂಳು ಹಿಡಿದು ಬಿದ್ದಿದ್ದ ಆ ರಿಸೀವರ್, ಅವನು ಕೈಗೆ ತಗೊಂಡಾಗ ಬೆಚ್ಚಗಿತ್ತಂತೆ. ಯಾರೋ ಆಗಷ್ಟೇ ಕಿವಿಯಿಂದ ತೆಗೆದಿಟ್ಟ ಹಾಗೆ.