ಸ್ಲ್ಯಾಬಿಗೆ ಸಬ್ಸಿಡಿ ಪೈಪು

ಆ ಕಡೆ ಬ್ಯಾಡ್ರಿ ಉಪೇಂದ್ರ ಸಾಹೇಬ್ರ, ಕಾಲು ಜಾರ್ತೈತಿ! ಸ್ಲ್ಯಾಬ್ ಹಸಿ ಐತಿ. ಇಲ್ಲೇ ನಿಂದ್ರರಿ… ಅದಾ? ಅದು ಪೈಪು. ಹೂಂ, ಸ್ಪ್ರಿಂಕ್ಲರ್. ತಿರಗತೈತಿ, ನೀರು ಹಾರಸ್ತೈತಿ. ಆ ಗೋಣಿಚೀಲ ಹಂಗ ಇರ್ಲಿ ಬಿಡ್ರಿ, ಕೆಳಗೇನಿಲ್ಲ… ಎತ್ತೇಬಿಟ್ರಲ್ಲ!

ಹೌದ್ರಿ. ಕೃಷಿ ಇಲಾಖೆ ಛಾಪಾ. ನೀವ ಕೊಟ್ಟ ಸಬ್ಸಿಡಿ ಪೈಪು.

ಸಿಕಂದರಾಬಾದಿಗೆ ಮದುವಿಗೆ ಬಂದವ್ರು ಉಂಡು ಮಲಗೋದು ಬಿಟ್ಟು, ಈ ತಾಯಪ್ಪ ವಾಚ್‌ಮನ್‌ನ ಹುಡಕ್ಕೊಂಡು ಲಿಂಗಂಪಲ್ಲಿತನಾ ಬಂದ್ರಲ್ಲ! ಊರಾಗ ನನ್ನ ಹೊಲ ನೋಡಿದ್ರಾ? ಪೈಪಿಲ್ಲ? ಇಲ್ಲಿ ಅದಾವಂತ ಯಾರು ಹೇಳಿದ್ರು? …ನಮ್ಮೂರ ಅಂಬಣ್ಣ! ಅವನ ಬಾಯಿಗಿಷ್ಟು ಸಿಮೆಂಟ್ ಹಾಕಬೇಕು.

ಯಾಕ ತಂದೆ ಅಂದ್ರ… ಊರಾಗ ಕಳ್ರು ಭಾಳ. ಯಾಕ ನಗ್ತೀರಿ? ಖರೇನ. ಮತ್ತ ಇಲಿ ಕಡೀತಾವು… ಇಲಿ ಇಲ್ಲೂ ಅದಾವು, ಹೌದು. ಬ್ಯಾಸಿಗಿ ಐತಿ, ಹೊಲ ಖಾಲಿ. ಅಲ್ಲಿ ಸುಮ್ನ ಮಲಗಿದ್ವು, ಇಲ್ಲಿ ದುಡಿಯಾಕತ್ತಾವು. ಶಹಾಬಾದ ಕಲ್ಲಿನ ಲಾರಿ ಬರ್ತಾವಲ್ಲ, ಅದರ ಮ್ಯಾಲ ಹಾಕ್ಕೊಂಡು ಬಂದೆ.

ಏನು? ಬೆಳಿಗೆ ಬಿಟ್ಟು ಬ್ಯಾರೆದಕ್ಕ ಹಾಕಬಾರದಾ? ಇದೂ ಬೆಳೀನ ರೀ! ದಿನಾ ನೀರುಣಿಸಬೇಕು. ಒಣಗಿದ್ರ ಬಿರಕ ಬಿಡ್ತೈತಿ. ಜ್ವಾಳ ಮ್ಯಾಲ ಹೊಕ್ಕೈತಿ, ಈ ಕಂಪ್ಯೂಟರ್ ಆಫೀಸೂ ಮ್ಯಾಲ ಹೊಕ್ಕೈತಿ… ಈಗ ನಕ್ರಿ! ನಕ್ರಿ, ನಾ ನೋಡೀನಿ.

…ನಿಂತ್ವಾ ನಗಿ. ಸಬ್ಸಿಡಿ ಪಟ್ಟಿಯಾಗಿಂದ ನನ್ನ ಹೆಸರು ಹೊಡೀತೀರಾ? ಹಂಗಾದ್ರ ಪೈಪೂ ಹೋದ್ವು, ಮುಂದಿನ ಬೀಜ ಗೊಬ್ಬರದ ಸಬ್ಸಿಡೀನೂ ಹೋತು. ಹಂಗ ಮಾಡಬ್ಯಾಡ್ರಿ. ಬಾಡಿಗಿ ತಗೊಂಡಿಲ್ಲ ನಾ. ‘ಎಂದುಕು?’ ಅಂತ ಇಂಜಿನಿಯರೂ ಕೇಳಿದ. ಯಾಕಂತ ಹೇಳಲಿಲ್ಲ.

ಹಿಂಗ ಸುಮ್ನ ನೋಡಬ್ಯಾಡ್ರಿ. ನೀವು ಸುಮ್ನಾದ್ರ ನನ್ನ ಬಾಯಿ ಬಿಚ್ಚತೈತಿ. ವರ್ಷದ ಮಾತು ಇವತ್ತ ಖರ್ಚಾದ್ವು.

ನನ್ನ ಹೆಣ್ತಿ ಅದಾಳಲ್ಲ, ಅನ್ನಮ್ಮ. ಸ್ಲ್ಯಾಬಿಗೆ ನೀರು ಹೊರೋದು ಆಕಿ ಕೂಲಿ. ತಲಿ ಮ್ಯಾಲ ಕೊಡ. ಹತ್ತು, ಇಳಿ. ಹತ್ತು, ಇಳಿ. ಮಣಕಾಲು ಬಾತು ಕುಂಬಳಕಾಯಿ ಆಗಿದ್ವು. ಬಿಡು ಅಂದ್ರ ಬಿಡಂಗಿಲ್ಲ, ಭಾಳ ಹಟ. ಅದಕ್ಕ ತಂದೆ. ಮುಗೀತು. ಈಗ ಕೆಳಗ ನೆಳ್ಳಾಗ ಕುಂತು ಮೋಟಾರ್ ಬಟನ್ ಒತ್ತತಾಳ, ಅಷ್ಟ.

ಶ್‌! ಆಕಿಗೆ ಗೊತ್ತಿಲ್ರಿ. ಪೈಪು ಊರಿಗೆ ಬಂದಾಗ ಆಕಿ ಇಲ್ಲೇ ಇದ್ಲು, ನೋಡಿಲ್ಲ. ಇವು ಇಂಜಿನಿಯರ್ ತಂದದ್ದು ಅಂತ ಹೇಳೀನಿ. ದಿನಾ ಅವನಿಗೆ ‘ನಿನ್ನ ಹೊಟ್ಟಿ ತಣ್ಣಗಿರ್ಲಪಾ’ ಅಂತಾಳ. ಅವನಿಗೆ ಕನ್ನಡ ಬರಂಗಿಲ್ಲ. ‘ಸರೇ ಅಮ್ಮಾ’ ಅಂತಾನ. ನಾ ಪಕ್ಕದಾಗ ನಿಂತು ಬೀಡಿ ಸೇದ್ತೀನಿ. ಗೊತ್ತಾತಂದ್ರ ಇವತ್ತ ಬಿಚ್ಚಿಸಿ ಊರಿಗೆ ಕಳಸ್ತಾಳ. ಮತ್ತ ಕೊಡ ಎತ್ತತಾಳ.

ಅರೇ, ನೀರು ನಿಂತ್ವು. ಕರೆಂಟ್ ಹೋತು ಕಾಣಸ್ತೈತಿ. ಛೊಲೋ ಆತು, ನಿಮ್ಮ ಬೂಟು ಉಳಿದ್ವು.

ಸಾಹೇಬ್ರ, ಬಿತ್ತಗಿ ಮುಂಚೆ ಪೈಪು ಹೊಲದಾಗ ಇರ್ತಾವು. ಆಕಿಗಷ್ಟ ಹೇಳಬ್ಯಾಡ್ರಿ. ಏನಂತೀರಿ? … ಯಾಕ್ರಿ? ನನ್ನ ನೋಡ್ರಿ, ನನ್ನ ಹಿಂದ ಏನು ನೋಡ್ತೀರಿ?

…ಅನ್ನಮ್ಮಾ.

ಯಾವಾಗ ಬಂದಿ? ಮೋಟಾರ್ ನೀನ ಬಂದ್ ಮಾಡಿದ್ಯಾ? …ಎಲ್ಲಾ ಕೇಳಿದಿ? ಕುಂಬಳಕಾಯಿ ಅಂದದ್ದೂ?

ನಗಬ್ಯಾಡ್ರಿ ಸಾಹೇಬ್ರ! ಏ, ಪೈಪಿಗೆ ಕೈ ಹಚ್ಚಬ್ಯಾಡ… ಆತು, ಬಿಚ್ಚು. ಸೋಮವಾರ ಹೊಲಕ್ಕ ಬರ್ತೀರಾ ಸಾಹೇಬ್ರ? ಪೈಪು ಇದ್ರ ಹೆಸರು ಹಂಗ ಇರ್ತೈತಾ? ಆತ್ರಿ. ಇವತ್ತ ಖಾಲಿ ಲಾರಿ ಹೊಕ್ಕೈತಿ, ಅದರಾಗ ಹಾಕ್ತೀನಿ.

ಅನ್ನಮ್ಮಾ, ಕೊಡ ಇತ್ತ ತಾ. …ತಾ ಅಂದೆ. ನಾನ ಹೊರ್ತೀನಿ.