ಕಲ್ಲು ಹೆಕ್ಕುವ ಭಾವ

ದೀಪ ಇರಲಿ, ಆರಿಸಬೇಡಿ. ಬಾಗಿಲು ಮಾತ್ರ ಹಾಕ್ಕೊಳ್ಳಿ. ಇದು ಎಲ್ಲೋ ಕೇಳಿದ್ದಲ್ಲ, ನನ್ನ ದೊಡ್ಡಪ್ಪನ ಮಗನಿಗೇ ಆಗಿದ್ದು. ನಾನು ಅವನನ್ನ ಅಣ್ಣ ಅಂತೀನಿ. ಟ್ರ್ಯಾಕ್ಟರ್ ಓಡಿಸ್ತಾನೆ. ಆಳೆತ್ತರ ಕಳೆ ಬೆಳೆದ ಜಾಗ ಎಲ್ಲಿದ್ರೂ ಅವನನ್ನೇ ಕರೀತಾರೆ.

ಒಂದಿನ, ಮುಚ್ಚಿಹೋದ ಒಂದು ಕಾರ್ಖಾನೆಯ ಹಿಂದಿನ ಜಾಗ. ಅರ್ಧ ಕತ್ತರಿಸೋ ಹೊತ್ತಿಗೆ ಕತ್ತಲಾಯ್ತು. ಗಾಡಿ ಅಲ್ಲೇ ಬಿಟ್ಟು ನಡ್ಕೊಂಡು ಹೊರಟ. ದಾರೀಲಿ ಒಂದು ಹಾಳುಬಾವಿ. ಅದರ ಪಕ್ಕ ಬಂದಾಗ ಹಿಂದುಗಡೆ, ಇನ್ನೂ ಕತ್ತರಿಸದ ಕಳೆಯೊಳಗೆ... ಸರಕ್. ಸರಕ್. ನಾಯಿ ಇರಬೇಕು ಅಂದ್ಕೊಂಡ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ... ಟಕ್.

ಕಲ್ಲಿನ ಮೇಲೆ ಕಲ್ಲು ಇಟ್ಟ ಸದ್ದು.

ನಾಯಿ ಕಲ್ಲು ಪೇರಿಸುತ್ತಾ? ನೀವೇ ಹೇಳಿ. ಅಣ್ಣ ತಿರುಗಿ ನೋಡಲಿಲ್ಲ. ನೋಡಬೇಕಾಗೂ ಇರಲಿಲ್ಲ. ಹತ್ತು ವರ್ಷ ದಿನಾ ಕೇಳಿದ ಸದ್ದು ಅದು, ಭಾವನ ಸದ್ದು.

ಭಾವ ಅಂದ್ರೆ ಅಣ್ಣನ ಅಕ್ಕನ ಗಂಡ. ಇಬ್ಬರದ್ದೂ ಒಟ್ಟಿಗೇ ಕೆಲಸ. ನೋಡಿ, ಎತ್ತರದ ಕಳೆ ನೀಟಾಗಿ ಕತ್ತರಿಸೋದು ಅಂದ್ರೆ ಗಾಡಿ ನುಗ್ಗಿಸೋದಲ್ಲ. ಇಂಜಿನ್ ವೇಗ ಪೂರ್ತಿ ಏರಿಸಬೇಕು, ಗಾಡಿ ಮಾತ್ರ ಇರುವೆ ಥರ ಹೋಗಬೇಕು. ಹಿಂದೆ ಕಟ್ಟಿರೋ ಕಟರು ಮೊದಲ ಸಲ ಎತ್ತರದಲ್ಲಿರಬೇಕು. ಎರಡನೇ ಸಲ ಅದನ್ನ ತಗ್ಗಿಸಿ, ಎದುರು ದಿಕ್ಕಿಂದ ಬರಬೇಕು. ಇಲ್ಲಾಂದ್ರೆ ಟೈರಿನಡಿ ಮಲಗಿದ ಕಳೆ ಮಾರನೇ ದಿನ ಎದ್ದು ನಿಂತು ನಿಮ್ಮನ್ನೇ ನೋಡಿ ನಗುತ್ತೆ. ಇದೆಲ್ಲಕ್ಕಿಂತ ಮುಂಚೆ ಒಬ್ಬರು ಇಡೀ ಜಾಗ ನಡೆದು, ಕಲ್ಲು, ತಂತಿ, ಬಾಟಲಿ ಹೆಕ್ಕಿ ಅಂಚಲ್ಲಿ ಗುಡ್ಡೆ ಹಾಕಬೇಕು. ಭಾವ ಮಾಡ್ತಿದ್ದಿದ್ದು ಅದನ್ನೇ. ಒಂದು ಕಲ್ಲೂ ಬಿಡೋರಲ್ಲ. "ಅಕ್ಕಿ ಆರಿಸಿದ ಹಾಗೆ ಆರಿಸ್ತೀರಲ್ಲ ಭಾವ, ಇವತ್ತೇ ಮುಗಿಯುತ್ತೋ ಹೇಗೆ?" ಅಂತ ಅಣ್ಣ ರೇಗಿಸೋನು. ಅವರು ನಕ್ಕು ಇನ್ನೊಂದು ಕಲ್ಲಿಗೆ ಬಗ್ಗೋರು.

ಆದ್ರೆ ನಾನು ಹೇಳಿದ ಆ ಸಂಜೆಗೆ ಭಾವ ಸತ್ತು ಎರಡು ತಿಂಗಳಾಗಿತ್ತು.

ಹೇಗೆ ಸತ್ರು ಅಂತ ಹೇಳಲೇಬೇಕು. ಅವತ್ತು ಅಣ್ಣನಿಗೆ ಅವಸರ. ಮಧ್ಯಾಹ್ನ ಇನ್ನೊಂದು ಜಾಗಕ್ಕೆ ಬರ್ತೀನಿ ಅಂತ ಒಪ್ಕೊಂಡಿದ್ದ. ಭಾವ ಇನ್ನೂ ಕಳೆ ಮಧ್ಯದಲ್ಲೇ ಇದ್ರು. ಕೈ ಎತ್ತಿ, "ತಡಿಯೋ, ಈ ಕಡೆ ಇನ್ನೂ ನೋಡಿಲ್ಲ!" ಅಂತ ಕೂಗಿದ್ರು. ಅಣ್ಣನಿಗೆ ಕೇಳಿಸ್ತು. ಕೇಳಿಸಿಯೂ ಗೇರು ಹಾಕಿದ. ಠಣ್! ಕಟರ್ ಕೆಳಗಿಂದ ಕಲ್ಲು ಹಾರಿ ಭಾವನ ತಲೆಗೆ ಬಡೀತು. ಆಸ್ಪತ್ರೆ ತನಕ ಜೀವ ಉಳೀಲಿಲ್ಲ.

ಅಣ್ಣ ಜನರಿಗೆ ಹೇಳಿದ್ದೇ ಬೇರೆ. "ಕಲ್ಲಿಲ್ಲ, ಬಾ ಅಂತ ಭಾವನೇ ಕೈ ಬೀಸಿದ್ರು." ಅಕ್ಕನಿಗೂ ಅದನ್ನೇ ಹೇಳಿದ.

ನಾನೇನು ಸಾಚಾ ಅಲ್ಲ. ನಂದು ವೆಲ್ಡಿಂಗ್ ಅಂಗಡಿ. ಅವನ ಕಟರ್ ಬ್ಲೇಡಿಗೆ ಸಾಣೆ ಹಿಡಿಯೋನು ನಾನೇ. ಬ್ಲೇಡು ಮೊಂಡಾದ್ರೆ ಕಳೆ ಕತ್ತರಿಸಲ್ಲ, ಹರಿದು ಬಿಸಾಕುತ್ತೆ. ಭಾವ ಹೋದ ಮೂರನೇ ದಿನ ಬ್ಲೇಡು ತಂದ. ಅಂಚಲ್ಲಿ ಹೆಬ್ಬೆಟ್ಟು ಹಿಡಿಸೋ ಅಷ್ಟು ಮುಕ್ಕು.

"ಇಷ್ಟು ದೊಡ್ಡ ಕಲ್ಲು... ಭಾವ ಬಿಡ್ತಾರಾ?" ಅಂದೆ.

"ಸಾಣೆ ಹಿಡಿ" ಅಂದ. ಕಣ್ಣು ಎತ್ತಲಿಲ್ಲ.

ಹಿಡಿದೆ. ಕಿಡಿ ಹಾರಿತು, ಮುಕ್ಕು ಹೋಯ್ತು. ನನಗೆ ಆಗಲೇ ಎಲ್ಲ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ. ಈಗ ನೆನೆಸಿಕೊಂಡ್ರೂ ನಾಚಿಕೆ ಆಗುತ್ತೆ.

ಸರಿ, ಆ ಸಂಜೆಯ ಮಾರನೇ ಬೆಳಿಗ್ಗೆ ಅಣ್ಣ ಕಾರ್ಖಾನೆ ಜಾಗಕ್ಕೆ ಹೋಗಿ ನೋಡ್ತಾನೆ... ಅಂಚಲ್ಲಿ ಕಲ್ಲಿನ ಗುಡ್ಡೆ. ದೊಡ್ಡವು ಕೆಳಗೆ, ಚಿಕ್ಕವು ಮೇಲೆ, ಭಾವ ಪೇರಿಸ್ತಿದ್ದ ಹಾಗೇ. ಹಸಿ ಮಣ್ಣು ಇನ್ನೂ ಅಂಟಿತ್ತು. ಭಾವ ಹೋದ ಮೇಲೆ ಕಳೆಯೊಳಗೆ ಕಾಲಿಡೋಕೆ ಅಣ್ಣನಿಗೆ ಧೈರ್ಯ ಸಾಲ್ತಿರಲಿಲ್ಲ, ನಡೆಯೋಕೆ ಬೇರೆ ಯಾರೂ ಇರಲಿಲ್ಲ. ಮತ್ತೆ ಇದನ್ನ ಹೆಕ್ಕಿದ್ದು ಯಾರು? ಗಾಡಿ ಹತ್ತಿ ಉಳಿದರ್ಧ ಕತ್ತರಿಸಿದ. ಒಂದು ಕಲ್ಲೂ ತಾಗಲಿಲ್ಲ.

ಮುಂದಿನ ಜಾಗದಲ್ಲೂ ಗುಡ್ಡೆ. ಅದರ ಮುಂದಿನದರಲ್ಲೂ. ಬ್ಲೇಡು ನನ್ನ ಹತ್ರ ಬರ್ತಿತ್ತಲ್ಲ, ಒಂದು ಗೀರು ಇರಲಿಲ್ಲ. ಕಡೆಗೆ ಒಂದಿನ ಅಂಗಡೀಲಿ ಯಾರೂ ಇಲ್ಲದಾಗ ಅಣ್ಣ ನನ್ನ ಕಿವಿ ಹತ್ರ ಬಂದು ಎಲ್ಲ ಹೇಳಿದ.

"ಕತ್ತು ಹಿಸುಕಿದ್ರೆ ತಡ್ಕೋತಿದ್ದೆ ಕಣೋ" ಅಂದ. "ನನಗೆ ಏನೂ ಆಗದಿರಲಿ ಅಂತ ಹೆಕ್ತಿದ್ದಾರೆ... ಇದನ್ನ ಹೇಗೋ ತಡ್ಕೊಳ್ಳಲಿ?"

"ಅಕ್ಕನಿಗೆ ಹೇಳಿಬಿಡು."

"ಯಾವ ಬಾಯಲ್ಲಿ ಹೇಳಲಿ?"

ಅವತ್ತು ರಾತ್ರಿ ನಮ್ಮಿಬ್ಬರಿಗೂ ಅಕ್ಕನ ಮನೇಲೇ ಊಟ. ಬಡಿಸ್ತಾ ಬಡಿಸ್ತಾ ಅಕ್ಕ ಸೌಟು ಹಿಡಿದು ಹಾಗೇ ನಿಂತಳು. "ಅವರು ಹೋದ ದಿನ ಬೆಳಿಗ್ಗೆ ಸಣ್ಣ ವಿಷಯಕ್ಕೆ ಜಗಳ ಆಡಿ ಕಳಿಸಿದ್ದೆ ಕಣ್ರೋ. ಅದೇ ಯೋಚನೇಲಿ ಅವರಿಗೆ ಕಲ್ಲು ಕಾಣಲಿಲ್ಲ. ಇಲ್ಲಾಂದ್ರೆ ಅವರು ಬಿಡೋರಾ? ನಾನೇ ಕೊಂದ ಹಾಗಾಯ್ತು..."

ಅಣ್ಣ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. ತಟ್ಟೆ ಪಕ್ಕಕ್ಕೆ ತಳ್ಳಿದ.

"ಅಕ್ಕಾ... ಅವರು ತಡಿ ಅಂದ್ರು. ನಂಗೆ ಕೇಳಿಸ್ತು."

ಅಕ್ಕ ಸೌಟು ಕೆಳಗಿಟ್ಟಳು. ಅಕ್ಕ ಅವನನ್ನ ನೋಡಿದಳು. ಆಮೇಲೆ ನನ್ನನ್ನ.

"ನಿಂಗೂ ಗೊತ್ತಿತ್ತಾ?"

ತಲೆ ತಗ್ಗಿಸಿದೆ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಬೈಲಿಲ್ಲ. ಕಲ್ಲಿನ ಗುಡ್ಡೆಗಳ ವಿಷಯಾನೂ ಅಣ್ಣ ಅಳ್ತಾ ಅಳ್ತಾ ಹೇಳಿದ. ಅಕ್ಕ ಪೂರ್ತಿ ಕೇಳಿಸಿಕೊಂಡು, "ನಾಳೆ ಎಲ್ಲಿ ಕೆಲಸ? ನಾನೂ ಬರ್ತೀನಿ" ಅಂದಳು, ಅಷ್ಟೇ.

ಬೆಳಕು ಹರಿಯೋ ಮುಂಚೆ ಮೂವರೂ ಹೋದ್ವಿ. ರಸ್ತೆ ಬದಿ ಖಾಲಿ ಜಾಗ, ಭುಜಮಟ್ಟ ಕಳೆ. ಮಂಜು ಬಿದ್ದು ಒಂದೊಂದು ಎಲೆಯಿಂದಲೂ ನೀರು ಸೋರ್ತಿತ್ತು. "ನೀವಿಬ್ಬರೂ ಇಲ್ಲೇ ನಿಂತ್ಕೊಳ್ಳಿ" ಅಂತ ಅಕ್ಕ ಒಬ್ಬಳೇ ಒಳಗೆ ಹೋದಳು. ನಮಗೆ ಕಾಣ್ತಿದ್ದಿದ್ದು ಅವಳ ತಲೆ ಮಾತ್ರ. ಏನೋ ಮೆಲ್ಲಗೆ ಮಾತಾಡೋಳು... ನಿಲ್ಲಿಸೋಳು... ಮತ್ತೆ ಮಾತಾಡೋಳು. ಒಂದು ಸಲ ನಕ್ಕ ಹಾಗೂ ಕೇಳಿಸ್ತು. ಅಣ್ಣ ನನ್ನ ಮಣಿಕಟ್ಟು ಹಿಡ್ಕೊಂಡಿದ್ದ.

ಆ ತುದಿ ತನಕ ಹೋಗಿ ತಿರುಗಿ ಬಂದಳು. ಅಣ್ಣನ ಮುಂದೆ ನಿಂತು, "ಇನ್ಮೇಲೆ ನೀನೇ ನಡಿ. ಅವರಿಗೆ ಸಾಕು" ಅಂದಳು. ಅಣ್ಣ ಕಳೆಯೊಳಗೆ ಕಾಲಿಟ್ಟ. ಆವತ್ತಿಂದ ಅವನೇ ನಡೀತಾನೆ. ಗುಡ್ಡೆ ಮತ್ತೆ ಯಾವತ್ತೂ ಕಾಣಲಿಲ್ಲ.

ಅಕ್ಕನಿಗೆ ಭ್ರಮೆ ಅಂತೀರಿ, ದುಃಖಕ್ಕೆ ಹಾಗಾಗುತ್ತೆ ಅಂತೀರಿ. ಅನ್ನಿ. ಆದ್ರೆ ಅವಳು ಕಳೆಯಿಂದ ಹೊರಗೆ ಬಂದಾಗ ರಸ್ತೆ ಬದಿ ಚರಂಡಿ ದಾಟಿಸೋಕೆ ಅವಳ ಕೈ ಹಿಡಿದವನು ನಾನು. ಅವಳ ಎಡಗಡೆ ಭುಜದಿಂದ ಪಾದದ ತನಕ ಬಟ್ಟೆ ತೊಯ್ದು ತೊಪ್ಪೆಯಾಗಿತ್ತು, ಹಿಂಡಿದ್ರೆ ನೀರು ಬರೋ ಹಾಗೆ. ನಾನು ಹಿಡಿದಿದ್ದು ಬಲಗೈ. ಆ ಕಡೆ ತೋಳು, ಆ ಕಡೆ ಬಟ್ಟೆ, ಒಂದು ಹನಿ ತಾಗಿರಲಿಲ್ಲ. ಒಣಗೇ ಇತ್ತು, ಆ ಪಕ್ಕ ಯಾರೋ ಅವಳ ಜೊತೆಗೇ ನಡೆದ ಹಾಗೆ. ನಾನೇ ಮುಟ್ಟಿ ನೋಡಿದೀನಿ.